ಗುಡಿಯ ಚಿತ್ರ ಸಾಕಷ್ಟಿದೆ, ಪೇಟೆಯದು ಎಲ್ಲಿ?

ಬಾಗಲಕೋಟೆ ಸೀಮೆಗೆ ಕ್ಯಾಮೆರಾ ಬಂದದ್ದು ಬಹಳ ಮೊದಲೇ. ಮುಂಬಯಿ ಸೈನ್ಯದ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ 1855ರ ಸುಮಾರಿಗೆ, ಈ ಕಡೆ ಇನ್ನೂ ರೈಲು ಬಾರದ ಕಾಲದಲ್ಲಿ, ಪೆಟ್ಟಿಗೆ ಕ್ಯಾಮೆರಾ ಹೊರಿಸಿಕೊಂಡು ಬಂದು ಐಹೊಳೆಯ ದುರ್ಗದ ಗುಡಿಯನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದರು. ಅವರ ಹಿಂದೆಯೇ ಡಾಕ್ಟರ್ ಪಿಗೂ ಬಂದರು. ಇವರೆಲ್ಲ ತೆಗೆದ ಚಿತ್ರಗಳಿಂದ ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1874ರಲ್ಲಿ ಜೇಮ್ಸ್ ಬರ್ಜೆಸ್ ತಮ್ಮ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮನ್ನು ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿಯೇ ಕಳೆದರು. ಅಲ್ಲಿಂದ ಇಲ್ಲಿಯವರೆಗೆ ಬಾದಾಮಿಯ ಮೂರನೇ ಗುಹೆಯ ಕಂಬಗಳನ್ನು, ಭೂತನಾಥನ ಗುಡಿಯನ್ನು, ಅಗಸ್ತ್ಯತೀರ್ಥದ ಮೆಟ್ಟಿಲನ್ನು ಎಷ್ಟು ಕೈಗಳು ಚಿತ್ರದಲ್ಲಿ ಹಿಡಿದಿವೆಯೋ ಲೆಕ್ಕವಿಲ್ಲ.

ಬರ್ಜೆಸ್ ವರದಿಯ ಹೆಸರಿನಲ್ಲಿರುವ ಕಲಾದಗಿ ಆಗ ಜಿಲ್ಲಾ ಕೇಂದ್ರ, ದಂಡು ಬೀಡುಬಿಟ್ಟ ಊರು. 1880ರ ದಶಕದಲ್ಲಿ ಜಿಲ್ಲೆಯ ಕಚೇರಿಗಳು ಬಿಜಾಪುರಕ್ಕೆ ಹೋದವು. ಇಂದು ಕಲಾದಗಿ ಎಂದರೆ ದಾಳಿಂಬೆ, ಚಿಕ್ಕು ನೆನಪಾಗುತ್ತವೆಯೇ ಹೊರತು ಒಂದು ಜಿಲ್ಲೆಯ ರಾಜಧಾನಿ ನೆನಪಾಗುವುದಿಲ್ಲ. ಜಿಲ್ಲಾ ಕೇಂದ್ರವಾಗಿದ್ದಾಗ ಅಲ್ಲಿಯ ಬಜಾರು ಹೇಗಿತ್ತು? ಸಿಪಾಯಿಗಳಿಗೆ ಕಿರಾಣಿ ಮಾರುತ್ತಿದ್ದ ಅಂಗಡಿಯ ಮುಂಗಟ್ಟು ಎಂಥದ್ದು? ಸರ್ವೇಕ್ಷಣೆಯ ಕಣ್ಣು ಗುಡಿಯ ಅಧಿಷ್ಠಾನದಿಂದ ಶಿಖರದವರೆಗೆ ಇಂಚಿಂಚು ಅಳೆಯಿತು, ಪೇಟೆಯ ಬೀದಿಯನ್ನು ದಾಟಿ ಮುಂದೆ ಹೋಯಿತು. ಅಂದಿನವರನ್ನು ದೂರಿ ಫಲವಿಲ್ಲ, ನಾವೂ ಅದನ್ನೇ ಮಾಡುತ್ತಿದ್ದೇವೆ. ಬಾದಾಮಿಗೆ ಬರುವವರು ಬಸ್ ನಿಲ್ದಾಣದಿಂದ ಗುಹೆಯ ಬುಡದವರೆಗೆ ಊರಿನ ನಡುವೆಯೇ ಹೋಗುತ್ತಾರೆ. ಆ ದಾರಿಯುದ್ದಕ್ಕೂ ಮೊಬೈಲು ಜೇಬಿನಲ್ಲಿಯೇ ಇರುತ್ತದೆ.

ಗುಡಿಗೆ ಕಾವಲಿದೆ, ಕಾಯಿದೆಯಿದೆ. ಪಟ್ಟದಕಲ್ಲಿಗೆ 1987ರಿಂದ ವಿಶ್ವಪರಂಪರೆಯ ಪಟ್ಟವೂ ಇದೆ. ಕೃಷ್ಣೆಯ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಎಬ್ಬಿಸಿ ಅದನ್ನು ಉಳಿಸಿಕೊಂಡೆವು. ಉಳಿಸಿಕೊಂಡದ್ದು ಪುಣ್ಯದ ಕೆಲಸ. ಆದರೆ ಅಂಗಡಿ ಬೀದಿಗೆ ಅಂಥ ಗೋಡೆ ಎಲ್ಲಿಯೂ ಏಳುವುದಿಲ್ಲ, ಏಳಬೇಕೆಂದು ಕೇಳುವುದೂ ಸಾಧ್ಯವಿಲ್ಲ. ಅದಕ್ಕೆ ಸಿಗಬಹುದಾದದ್ದು ಒಂದು ಒಳ್ಳೆಯ ಚಿತ್ರ, ಅದರ ಜೊತೆಗೆ ನಾಲ್ಕು ಸಾಲಿನ ವಿವರ. ಅಷ್ಟನ್ನಾದರೂ ಕೊಡಬೇಕು ಎನ್ನುವುದು ನನ್ನ ಹಟ.

ಪೇಟೆಗೆ ಗೋಡೆ ಏಳುವುದಿಲ್ಲ ಎಂಬುದನ್ನು ಬಾಗಲಕೋಟೆಯಷ್ಟು ಚೆನ್ನಾಗಿ ಬಲ್ಲ ಊರು ಕರ್ನಾಟಕದಲ್ಲಿ ಮತ್ತೊಂದಿಲ್ಲ. ಪತ್ರಿಕೆಗಳು ಅದನ್ನು ಮುಳುಗಡೆ ನಗರಿ ಎಂದೇ ಕರೆಯುತ್ತವೆ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟದ್ದು 1964ರಲ್ಲಿ. ಊರಿಗೆ ನೀರು ಬರುವುದು ಅಂದೇ ಗೊತ್ತಾಯಿತು, ಬಂದದ್ದು ಮಾತ್ರ ಒಂದು ತಲೆಮಾರು ಕಳೆದ ಮೇಲೆ. 2000ದಲ್ಲಿ ಸುಪ್ರೀಂ ಕೋರ್ಟ್ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಈ ಎರಡು ಅಂಕಿಗಳ ನಡುವಿನ ನಾಲ್ಕೂವರೆ ಮೀಟರು ಚಿಲ್ಲರೆಯಲ್ಲಿ ಹಳೇ ಊರಿನ ಎಷ್ಟೋ ಓಣಿಗಳ ಹಣೆಬರಹವಿದೆ. ಮುಳುಗಡೆಯಾಗುವ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದ ಮೇಲೆ ಮಾತು ಮತ್ತೆ ಕಾವೇರಿದೆ.

ಅದಕ್ಕಾಗಿಯೇ ಹಳೇ ಬಾಗಲಕೋಟೆಯ ಬೀದಿಯಲ್ಲಿ ಕ್ಯಾಮೆರಾ ಎತ್ತಿದರೆ ಕಟ್ಟೆಯ ಮೇಲಿನವರು ಕೇಳುವ ಮೊದಲ ಮಾತು, 'ಯಾಕ್ರೀ, ಸರ್ವೇಕ್ಕ ಬಂದೀರೇನು?' ಎರಡನೆಯದು, 'ನೀರು ಎಲ್ಲೀತನಾ ಬರತೈತಂತ?' ಚಿತ್ರ ತೆಗೆಯುವುದು ಇಲ್ಲಿಯವರಿಗೆ ಪರಿಹಾರದ ಕಾಗದಪತ್ರದ ಭಾಗ. ಅದನ್ನು ಅರ್ಥಮಾಡಿಕೊಳ್ಳದೆ ಈ ಊರಿನಲ್ಲಿ ಒಂದು ಬಾಗಿಲನ್ನೂ ಚಿತ್ರಿಸಬಾರದು. ಮೊದಲು ಕೂತು ಚಹಾ ಕುಡಿದು, ತಾನು ಸರ್ಕಾರದವನಲ್ಲ ಎಂದು ಬಿಡಿಸಿ ಹೇಳಿ, ಆಮೇಲೆ ಲೆನ್ಸಿನ ಮುಚ್ಚಳ ತೆಗೆಯಬೇಕು.

ಒಂದು ಬಜಾರು ಒಂದೇ ದಿನ ಮುಳುಗುವುದಿಲ್ಲ. ಘಟಪ್ರಭೆ ಉಕ್ಕಿ ಬಂದು ಊರನ್ನು ಎಳೆದೊಯ್ದ ದೃಶ್ಯ ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಮೊದಲು ನೋಟಿಸು ಬರುತ್ತದೆ, ನಂತರ ಪರಿಹಾರ. ಹಣ ಕೈಸೇರಿದವರು ತೊಲೆ, ಜಂತಿ, ಚೌಕಟ್ಟು, ಬಾಗಿಲುಗಳನ್ನು ಕಳಚಿಕೊಂಡು ಹೋಗುತ್ತಾರೆ, ಏಕೆಂದರೆ ಸಾಗವಾನಿಗೆ ಬೆಲೆಯಿದೆ. ಮೇಲ್ಮುದ್ದೆಯ ಮಣ್ಣು ಕುಸಿದು ಗೋಡೆ ಉಳಿಯುತ್ತದೆ. ಎಡಗಡೆಯ ಅಂಗಡಿ ಹೋದ ಮೇಲೂ ಬಲಗಡೆಯದು ಕೆಲವು ವರ್ಷ ವ್ಯಾಪಾರ ನಡೆಸುತ್ತದೆ. ಗಿರಾಕಿ ಕಡಿಮೆಯಾಗಿ, ಕೊನೆಗೆ ಅದೂ ಗುಡ್ಡದ ಮೇಲಿನ ನವನಗರದಲ್ಲಿ ಒಂದು ಗಾಳಾ ಹಿಡಿಯುತ್ತದೆ. ನವನಗರದ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಕೈಯಿತ್ತು. ಅಗಲ ರಸ್ತೆ, ಅಂಕಿ ಹಾಕಿದ ಸೆಕ್ಟರುಗಳು, ಗಾಳಿ ಬೆಳಕಿನ ಮನೆಗಳು ಬಂದವು. ಬಳೆಗಾರರ ಪಕ್ಕ ಬಟ್ಟೆ, ಬಟ್ಟೆಯ ಪಕ್ಕ ಬಂಗಾರ, ಮುಂದೆ ಅಡತಿ ಅಂಗಡಿ ಎಂಬ ಹಳೇ ಪೇಟೆಯ ಕ್ರಮ ಮಾತ್ರ ಹಾಗೆಯೇ ಎತ್ತಿಕೊಂಡು ಹೋಗುವಂಥದ್ದಲ್ಲ. ಅದು ನೂರಾರು ವರ್ಷ ಯಾರೂ ಯೋಜಿಸದೆ ಕೂಡಿಬಂದದ್ದು.

ಆ ಕ್ರಮದ ಜಾಡು ಇನ್ನೂ ಹೋಳಿಯಲ್ಲಿ ಸಿಗುತ್ತದೆ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಓಣಿಗಳ ಸರದಿ, ತುರಾಯಿ ಹಲಗಿ, ನಿಶಾನೆ, ಬಣ್ಣದ ಬ್ಯಾರೆಲ್ ಹೊತ್ತ ಬಂಡಿಗಳು ಎಲ್ಲವೂ ಹಳೇ ಊರಿನ ನಕ್ಷೆಯ ಪ್ರಕಾರವೇ ನಡೆಯುತ್ತವೆ. ನವನಗರದ ಮಂದಿಯೂ ಅಂದು ಕೆಳಗಿಳಿದು ಬರುತ್ತಾರೆ. ಹಿಂದಿನ ದಿನವೇ ಅಂಗಡಿಯವರು ಮುಂಗಟ್ಟಿಗೆ ತಾಡಪತ್ರಿ ಕಟ್ಟುತ್ತಾರೆ. ಆದರೂ ಅಂಚಿನಲ್ಲಿ ಸಿಡಿದ ಗುಲಾಬಿ, ಹಸಿರು ಬೋರ್ಡಿನ ಮೇಲೆ ಉಳಿಯುತ್ತದೆ. ವರ್ಷ ವರ್ಷದ ಹೋಳಿ ಒಂದರ ಮೇಲೊಂದು ಕೂತ ಆ ಬೋರ್ಡುಗಳನ್ನು ಒರೆಸಿ ಚೊಕ್ಕಟ ಮಾಡಿ ಚಿತ್ರ ತೆಗೆಯಲು ಹೋಗಬೇಡಿ, ಇದ್ದ ಹಾಗೆಯೇ ತೆಗೆಯಿರಿ.

ಬೋರ್ಡನ್ನು ಓದುವುದು ಒಂದು ವಿದ್ಯೆ. ಹೆಸರು, ವ್ಯಾಪಾರ ಇಷ್ಟನ್ನೇ ನೋಡಿ ಮುಂದೆ ಹೋಗುವವರಿಗೆ ಅದರ ವಯಸ್ಸು ತಿಳಿಯದು. ಊರಿನ ಹೆಸರಿನ ಕೆಳಗೆ 'ಜಿ. ವಿಜಾಪುರ' ಎಂದಿದ್ದರೆ ಆ ಬೋರ್ಡ್ 1997ಕ್ಕಿಂತ ಹಿಂದಿನದು, ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು ಆ ವರ್ಷ. ಇಳಕಲ್ಲಿನ ಬೋರ್ಡಿನ ಮೇಲೆ 'ತಾ. ಹುನಗುಂದ' ಎಂದಿದ್ದರೆ ಇಳಕಲ್ ತಾಲ್ಲೂಕಾಗುವ ಮೊದಲಿನದು. 587ರಿಂದ ಶುರುವಾಗುವ ಪಿನ್ ಕೋಡ್ ಇದ್ದರೆ 1972ರ ನಂತರದ್ದು, ಪಿನ್ ಕೋಡ್ ದೇಶದಲ್ಲಿ ಜಾರಿಗೆ ಬಂದದ್ದೇ ಆಗ. ದೂರವಾಣಿ ಸಂಖ್ಯೆಯಂತೂ ಮರದ ಬಳೆಗಳಂತೆ ವಯಸ್ಸು ಹೇಳುತ್ತದೆ: ಎರಡೋ ಮೂರೋ ಅಂಕಿಯಿದ್ದರೆ ಎಕ್ಸ್‌ಚೇಂಜಿನ ಹೆಣ್ಣುಮಗಳು ತಂತಿ ಜೋಡಿಸುತ್ತಿದ್ದ ಕಾಲ, ಐದಾರು ಅಂಕಿಯಾದರೆ ಎಸ್‌ಟಿಡಿ ಬೂತುಗಳ ಕಾಲ, ಹತ್ತು ಅಂಕಿಯಾದರೆ ಮೊಬೈಲು. ಎಷ್ಟೋ ಬೋರ್ಡುಗಳಲ್ಲಿ ಹಳೆಯ ಸಂಖ್ಯೆಯ ಮೇಲೆ ಬಿಳಿ ಬಣ್ಣ ಬಳಿದು ಹೊಸದನ್ನು ಬರೆದಿರುತ್ತಾರೆ. ಇಳಿಬಿಸಿಲಿನಲ್ಲಿ ಓರೆಯಾಗಿ ನಿಂತು ನೋಡಿದರೆ ಕೆಳಗಿನ ಅಂಕಿಗಳು ಉಬ್ಬಿ ಕಾಣುತ್ತವೆ.

ಬಲಗಡೆಯ ಕೆಳಮೂಲೆಯನ್ನು ಬಿಡಬಾರದು. ಬರೆದ ಕಲಾವಿದ ತನ್ನ ಹೆಸರನ್ನೋ 'ಆರ್ಟ್ಸ್' ಎಂಬ ಅಂಕಿತವನ್ನೋ ಅಲ್ಲಿ ಸಣ್ಣಗೆ ಬರೆದಿರುತ್ತಾನೆ. ಒಂದೇ ಅಂಕಿತ ನಾಲ್ಕಾರು ಬೀದಿಗಳಲ್ಲಿ ಸಿಕ್ಕರೆ ಆ ಕೈಯ ಗುಣ ಗೊತ್ತಾಗುತ್ತದೆ. ಒಬ್ಬರು ತಲೆಕಟ್ಟನ್ನು ಬಾಳೆಯೆಲೆಯ ತುದಿಯಂತೆ ಎಳೆಯುತ್ತಾರೆ, ಮತ್ತೊಬ್ಬರು ಒತ್ತಕ್ಷರವನ್ನು ಅಕ್ಷರದ ಹೊಟ್ಟೆಯೊಳಗೇ ಕೂರಿಸಿ ಜಾಗ ಉಳಿಸುತ್ತಾರೆ. ನೀಲಿ ನೆಲದ ಮೇಲೆ ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು. ಈ ನೆರಳನ್ನು ಎಡಕ್ಕೆ ಹಾಕುವವರೂ ಬಲಕ್ಕೆ ಹಾಕುವವರೂ ಬೇರೆ ಬೇರೆ ಗುರುವಿನ ಕೈಕೆಳಗೆ ಕಲಿತವರು. ಇವರೇ ನಾಟಕ ಕಂಪನಿಯ ಪರದೆ ಬರೆದರು, ಚುನಾವಣೆಗೆ ಗೋಡೆ ಬರೆದರು, ಟ್ರ್ಯಾಕ್ಟರಿನ ಟ್ರೇಲರಿನ ಹಿಂದೆ ದೇವರ ಹೆಸರು ಬರೆದರು. ಈ ಶತಮಾನದ ಮೊದಲ ದಶಕದಲ್ಲಿ ಫ್ಲೆಕ್ಸ್ ಬಂದು ಅವರ ಕುಂಚ ಕಸಿದುಕೊಂಡಿತು. ದೆಹಲಿಯ ಕಲಾವಿದ ಹನೀಫ್ ಖುರೇಷಿ ಊರೂರು ತಿರುಗಿ ಬೀದಿ ಬರಹಗಾರರ ಅಕ್ಷರಗಳನ್ನು ಕೂಡಿಟ್ಟು ಕಂಪ್ಯೂಟರ್ ಅಕ್ಷರಶೈಲಿಗಳಾಗಿ ಉಳಿಸುವ ಕೆಲಸ ಶುರುಮಾಡಿದ್ದರು. 2024ರಲ್ಲಿ ಅವರು ತೀರಿಕೊಂಡರು. ಕನ್ನಡ ಅಕ್ಷರಗಳಿಗೆ, ಅದರಲ್ಲೂ ಉತ್ತರ ಕರ್ನಾಟಕದ ಕುಂಚಗಳಿಗೆ, ಅಂಥದ್ದೊಂದು ಕೆಲಸ ಆಗಲೇಬೇಕಾಗಿದೆ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ ಕಾಯಿದೆ 2024ರಲ್ಲಿ ಬಂತು. ಬೇಕಾಗಿದ್ದ ಕಾಯಿದೆಯೇ. ಬಾದಾಮಿ, ಇಳಕಲ್ಲಿನ ಹಳೇ ಪೇಟೆಗಳಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ, ಅಲ್ಲಿಯ ಕೈಬರಹದ ಬೋರ್ಡುಗಳು ಮೊದಲಿನಿಂದಲೂ ಕನ್ನಡದವೇ. ಹೊಸ ಬೋರ್ಡ್ ಹಾಕುವ ನೆಪದಲ್ಲಿ ಅಂಥ ಹಳೇ ಕನ್ನಡ ಬೋರ್ಡೊಂದು ಗುಜರಿಗೆ ಹೋದರೆ ಕಾಯಿದೆಯ ಉದ್ದೇಶಕ್ಕೇ ನಷ್ಟ.

ಇಳಕಲ್ಲಿನ ಹಳೇ ಬಟ್ಟೆ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ರೋಲಿಂಗ್ ಶಟರ್ ಬಾರದ ಅಂಗಡಿ ಅದು, ಹಲಗೆ ಬಾಗಿಲು. ಕೆಳಗೆ ಹೊಸ್ತಿಲಲ್ಲಿ ಹಲಗೆ ಜಾರಲು ಉದ್ದಕ್ಕೆ ಕೊರೆದ ಒಂದು ಗಾಡಿ, ಮೇಲೆ ತೊಲೆಯಲ್ಲಿ ಇನ್ನೊಂದು. ಗೇಣಗಲದ ಹಲಗೆಗಳನ್ನು ಒಂದು ತುದಿಯಿಂದ ಒಂದೊಂದಾಗಿ ಅವುಗಳಲ್ಲಿ ಜಾರಿಸುತ್ತಾ ಬರಬೇಕು, ಕೊನೆಯ ಹಲಗೆಗೆ ಅಡ್ಡ ಕಬ್ಬಿಣದ ಪಟ್ಟಿ, ಬೀಗ. ಎಲ್ಲ ಹಲಗೆಯೂ ಎಲ್ಲ ಜಾಗಕ್ಕೂ ಕೂರುವುದಿಲ್ಲ. ಅದಕ್ಕೇ ಪ್ರತಿ ಹಲಗೆಯ ಒಳಮೈಗೆ ಉಳಿಯಿಂದ ಗುರುತು ಕೆತ್ತಿದೆ: ಒಂದು ಗೀರು, ಎರಡು ಗೀರು, ಮೂರು ಗೀರು, ಐದಕ್ಕೆ ಅಡ್ಡಗೀರು. ಮಧ್ಯದ ಒಂದು ಹಲಗೆ ಮಾತ್ರ ಹೊಸ ಮರದ್ದು, ಅದರ ಗುರುತು ಸೀಮೆಸುಣ್ಣದ್ದು. ಹಲಗೆ ಹಿಡಿದು ಹಿಡಿದು ಎದೆಮಟ್ಟದಲ್ಲಿ ಎರಡು ಕಡೆ ಮರ ಸವೆದು ನುಣುಪಾಗಿದೆ, ಒಂದೇ ಮನೆತನದ ಅಂಗೈಗಳ ಸವೆತ ಅದು. ತೊಲೆಯ ಮೇಲೆ ಶುಭ, ಲಾಭ, ನಡುವೆ ಸ್ವಸ್ತಿಕ. ಪ್ರತಿ ದೀಪಾವಳಿಗೂ ಹಳೆಯದರ ಮೇಲೆಯೇ ಬರೆಯುವುದರಿಂದ ಕುಂಕುಮ ಪದರುಗಟ್ಟಿ ಅಂಚುಗಳು ಒಡೆದಿವೆ. ಹೊಸ್ತಿಲು ಇಳಕಲ್ಲಿನದೇ ಕೆಂಪು ಗ್ರಾನೈಟು. ದೇಶದೇಶಗಳಿಗೆ ಹೋಗುವ ಕಲ್ಲು ಇಲ್ಲಿ ಚಪ್ಪಲಿ ಬಿಡುವ ಮೆಟ್ಟಿಲು.

ಒಳಗೆ ಗಾದಿಯ ಮೇಲೆ ಕೂತ ಯಜಮಾನರು ಸೀರೆ ಬಿಚ್ಚಿದರೆ ಮೊದಲು ಸೆರಗನ್ನು ತಿರುವಿ ಹಿಂಬದಿಯನ್ನು ತೋರಿಸುತ್ತಾರೆ. ಒಡಲಿನ ಹಾಸುನೂಲಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಟೋಪ್ ತೆನಿ ಸೆರಗು ಅದು. ಯಂತ್ರದ ಸೀರೆಗೂ ಕೈಮಗ್ಗದ ಸೀರೆಗೂ ಇರುವ ವ್ಯತ್ಯಾಸ ಆ ಜೋಡಣೆಯಲ್ಲಿಯೇ ಕಾಣುತ್ತದೆ. ದಡಿ ಗೋಮಿಯೋ, ಚಿಕ್ಕಿಪರಾಸವೋ, ಗಾಡಿದಡಿಯೋ ಎಂದು ಕೇಳುವ ಗಿರಾಕಿ ಈಗ ಕಡಿಮೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕು ಬಹಳ ವರ್ಷವಾಯಿತು, ಪಕ್ಕದ ಗುಳೇದಗುಡ್ಡದ ಖಣಕ್ಕೂ ಸಿಕ್ಕಿದೆ. ಆದರೆ ಆ ಮಾನ್ಯತೆ ಬಟ್ಟೆಗೆ ಕೊಟ್ಟದ್ದು. ಬಟ್ಟೆಯನ್ನು ನಂಬಿ ಮಾರಿದ ಅಂಗಡಿಗೆ, ಅದರ ಹಲಗೆಗೆ, ಗಾದಿಗೆ, ಕಿರ್ದಿ ಖತಾವಣಿ ಇಡುವ ಇಳಿಜಾರು ಪೆಟ್ಟಿಗೆಗೆ ಯಾವ ಮಾನ್ಯತೆಯೂ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಅಂಗಡಿಯನ್ನು ಮೊಬೈಲ್ ಮಳಿಗೆಗೆ ಬಾಡಿಗೆ ಕೊಡುತ್ತಾರೆ. ಗಾಜಿನ ಬಾಗಿಲು ಬರುತ್ತದೆ, ಹಲಗೆಗಳು ಒಲೆಗೆ ಹೋಗುತ್ತವೆ.

ಬಾದಾಮಿಯ ತೊಡಕು ಬೇರೆಯದು. ಅಲ್ಲಿ ಹಳೇ ಮನೆ, ಅಂಗಡಿಗಳನ್ನು ಕಟ್ಟಿದ್ದು ಗುಹೆಗಳನ್ನು ಕೊರೆದ ಅದೇ ಕೆಂಪು ಮರಳುಗಲ್ಲಿನಿಂದ. ಮ್ಯೂಸಿಯಮ್ಮಿಗೆ ಹೋಗುವ ಓಣಿಗಳಲ್ಲಿ ಮನೆಯ ಗೋಡೆಯಾವುದು, ಬೆಟ್ಟದ ಬಂಡೆಯಾವುದು ಎಂದು ಮುಸ್ಸಂಜೆಯಲ್ಲಿ ಗೊತ್ತಾಗುವುದಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಗೆ 200 ಮೀಟರು ಅನುಮತಿಯಿಲ್ಲದೆ ಕಟ್ಟುವಂತಿಲ್ಲ ಎಂದು 2010ರ ತಿದ್ದುಪಡಿ ಕಾಯಿದೆ ಹೇಳುತ್ತದೆ. ರಿಪೇರಿಗೂ ಅರ್ಜಿ ಹಾಕಬೇಕು. ಅರ್ಜಿ ಹಿಡಿದು ಓಡಾಡುವ ಶಕ್ತಿಯಿಲ್ಲದವರ ಮನೆ ಮಳೆಗೆ ಹಾಗೆಯೇ ಸೋರುತ್ತಾ ಕೂರುತ್ತದೆ. ಸ್ಮಾರಕವನ್ನು ಕಾಯುವ ಕಾಯಿದೆ ಸ್ಮಾರಕದ ನೆರೆಹೊರೆಯನ್ನು ಕಾಯುವುದಿಲ್ಲ. ಐಹೊಳೆಯಲ್ಲಿ ಒಂದು ಕಾಲಕ್ಕೆ ಜನ ಗುಡಿಯೊಳಗೇ ಸಂಸಾರ ಮಾಡಿದ್ದರು, ಲಾಡಖಾನ ಗುಡಿಗೆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನಿಂದ. ಗುಡಿಯನ್ನು ಖಾಲಿ ಮಾಡಿಸಿದ್ದು ಸರಿ. ಆದರೆ ಆತನ ಒಲೆ ಎಲ್ಲಿತ್ತು, ಕೋಣೆ ಹೇಗಿತ್ತು ಎಂದು ತೋರಿಸುವ ಒಂದು ಚಿತ್ರ ಸಿಕ್ಕರೆ ಇಂದು ಎಷ್ಟು ಆಸೆಯಿಂದ ನೋಡುತ್ತಿದ್ದೆವು!

ಹುನಗುಂದದ ಕಥೆ ಚಿಕ್ಕದು. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ನಾಲ್ಕು ಪಥದ್ದಾಗಿ ಲಾರಿಗಳು ಊರಿಗೆ ಇಣುಕದೆ ಓಡತೊಡಗಿದವು. ಹಳೇ ರಸ್ತೆಯ ಖಾನಾವಳಿ, ಪಂಕ್ಚರ್ ಅಂಗಡಿ, ಚಹಾದ ಪತ್ರಾಸಿನ ಶೆಡ್ಡುಗಳು ತಾವಾಗಿಯೇ ಮಂಕಾದವು. ಅಲ್ಲಿಂದ ಬಾಗಲಕೋಟೆಯ ದಾರಿಯಲ್ಲಿರುವ ಅಮೀನಗಡ ಮಾತ್ರ ಕರದಂಟಿನ ಬಲದಿಂದ ಗಾಡಿಗಳನ್ನು ಇಂದಿಗೂ ನಿಲ್ಲಿಸುತ್ತದೆ.

ಇಂಥ ಬೀದಿಗಳ ಚಿತ್ರ ತೆಗೆಯುವುದು ಹೇಗೆ ಎಂಬುದಕ್ಕೆ ಗುರು ಬೇಕೆಂದರೆ ಪ್ಯಾರಿಸಿನ ಯೂಜೀನ್ ಆಜೆ ಇದ್ದಾರೆ. 1890ರ ದಶಕದ ಕೊನೆಯಿಂದ 1927ರಲ್ಲಿ ತೀರಿಕೊಳ್ಳುವವರೆಗೆ ಅವರು ಭಾರದ ಗಾಜಿನ ಪ್ಲೇಟುಗಳನ್ನು ಹೊತ್ತು, ನಸುಕಿನಲ್ಲೆದ್ದು, ಹಳೇ ಪ್ಯಾರಿಸಿನ ಅಂಗಡಿ ಮುಂಗಟ್ಟು, ಅಂಗಳ, ಬಾಗಿಲ ಹಿಡಿಗಳನ್ನು ಸೆರೆಹಿಡಿದರು. ತಾನು ಕಲೆ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳಲಿಲ್ಲ, ಕಲಾವಿದರಿಗೆ ದಾಖಲೆ ಒದಗಿಸುತ್ತೇನೆ ಎಂದಷ್ಟೇ ಫಲಕ ಹಾಕಿಕೊಂಡಿದ್ದರು. ಊರಿನ ಗ್ರಂಥಾಲಯಕ್ಕೆ, ಮ್ಯೂಸಿಯಮ್ಮಿಗೆ ಚಿತ್ರ ಮಾರಿ ಬದುಕಿದರು. ಅವರ ಸಾವಿನ ನಂತರ ಮನೆಯಲ್ಲಿ ಉಳಿದಿದ್ದ ರಾಶಿಯನ್ನು ಕಾಪಾಡಿದವರು ಬೆರೆನೀಸ್ ಅಬಟ್ ಎಂಬ ಅಮೆರಿಕದ ಛಾಯಾಗ್ರಾಹಕಿ. 1930ರ ದಶಕದಲ್ಲಿ ಆಕೆ ನ್ಯೂಯಾರ್ಕಿನ ಬೀದಿಗಳನ್ನು ಅದೇ ಶ್ರದ್ಧೆಯಿಂದ ಚಿತ್ರಿಸಿದರು.

ಆಜೆಯಿಂದ ಕಲಿಯಬೇಕಾದದ್ದು ನೇರ ನಿಲುವು. ಅಂಗಡಿಯ ಎದುರಿನ ಕಟ್ಟೆಗೆ ಹಿಂದೆ ಸರಿದು, ಕ್ಯಾಮೆರಾವನ್ನು ಮೇಲಕ್ಕೂ ಕೆಳಕ್ಕೂ ವಾಲಿಸದೆ, ಬೋರ್ಡಿನಿಂದ ಹೊಸ್ತಿಲವರೆಗೆ ಇಡೀ ಮುಖ ಬರುವಂತೆ ನಿಲ್ಲಬೇಕು. ಹತ್ತಿರ ನಿಂತು ಮೊಬೈಲಿನ ಅಗಲ ಲೆನ್ಸಿನಲ್ಲಿ ತೆಗೆದರೆ ಬೋರ್ಡ್ ಬಿಲ್ಲಿನಂತೆ ಬಾಗುತ್ತದೆ, ಎರಡುಪಟ್ಟು ಜೂಮಿನಲ್ಲಿ ದೂರದಿಂದ ತೆಗೆದರೆ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ. ಬೀದಿಯ ಪಡುವಣ ದಂಡೆಯ ಅಂಗಡಿಗಳು ಮೂಡಲಿಗೆ ಮುಖಮಾಡಿರುವುದರಿಂದ ಅವನ್ನು ಬೆಳಿಗ್ಗೆ, ಎದುರಿನವನ್ನು ಸಂಜೆ ತೆಗೆಯುವುದು ಒಳ್ಳೆಯದು. ಚೈತ್ರ ವೈಶಾಖದ ನಡುಹಗಲಲ್ಲಿ ಪತ್ರಾಸಿನ ನೆರಳು ಬೋರ್ಡನ್ನು ಅರ್ಧ ನುಂಗುತ್ತದೆ. ಮುಚ್ಚಿದ ಬಾಗಿಲಿನ ಚಿತ್ರವೊಂದು, ವ್ಯಾಪಾರ ನಡೆದಾಗಿನದೊಂದು. ಹಾಳುಬಿದ್ದದ್ದನ್ನಷ್ಟೇ ಆರಿಸಿ ತೆಗೆಯುವ ಚಪಲ ನನಗೆ ಹಿಡಿಸುವುದಿಲ್ಲ. ಒಡೆದ ಗೋಡೆಯಲ್ಲಿ ಚೆಲುವು ಕಾಣುವುದು ದೂರದವರಿಗೆ, ಅಲ್ಲಿ ಮೂರು ತಲೆಮಾರು ಅನ್ನ ಉಂಡವರಿಗಲ್ಲ. ಇನ್ನೂ ನಡೆಯುತ್ತಿರುವ ಅಂಗಡಿಯೇ ಮೊದಲು ಚಿತ್ರವಾಗಬೇಕು, ಗಾದಿಯ ಮೇಲಿನವರ ಒಪ್ಪಿಗೆ ಪಡೆದು, ಅವರೂ ಅದರಲ್ಲಿರುವಂತೆ.

ಚಿತ್ರದಷ್ಟೇ ಮುಖ್ಯ ಅದರ ಜೊತೆಗಿನ ಬರಹ. ಯಾವ ಊರು, ಯಾವ ಓಣಿ, ಯಾವ ದಂಡೆ, ಆಜುಬಾಜು ಯಾವ ಅಂಗಡಿ, ಎಂದು ತೆಗೆದದ್ದು, ಬೋರ್ಡ್ ಬರೆದವರು ಯಾರು, ಅಂಗಡಿ ಮೊದಲು ಏನು ಮಾರುತ್ತಿತ್ತು. ಇವಿಲ್ಲದ ಚಿತ್ರ ಇಪ್ಪತ್ತು ವರ್ಷದ ನಂತರ ಯಾವುದೋ ಊರಿನ ಯಾವುದೋ ಬಾಗಿಲು. ಲೆಕ್ಕದ ಪುಸ್ತಕದ ಪುಟ, ಮನೆಯವರ ಮೊಬೈಲ್ ಸಂಖ್ಯೆ ಬೇಡ. ಒಂದು ಪ್ರತಿಯನ್ನು ಅಚ್ಚುಹಾಕಿಸಿ ಅಂಗಡಿಯವರಿಗೆ ಕೊಡಲೇಬೇಕು. ಇನ್ನೊಂದು ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಹೋಗಲಿ. ಬಾಗಲಕೋಟೆಯಲ್ಲಿ 1906ರಿಂದ ನಡೆದುಬಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳಿವೆ. ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ತಮ್ಮದೇ ಓಣಿಯನ್ನು ಪ್ರಾಜೆಕ್ಟ್ ಆಗಿ ಕೊಟ್ಟರೆ ಒಂದೇ ವರ್ಷದಲ್ಲಿ ಒಂದು ಪೇಟೆ ಪೂರ್ತಿ ದಾಖಲಾಗುತ್ತದೆ. ಗಲ್ಲೆಯ ಹಿಂದೆ ತೂಗುಹಾಕಿದ ಅಜ್ಜನ ಕಾಲದ ಉದ್ಘಾಟನೆಯ ಫೋಟೋ, ಮದುವೆ ಆಲ್ಬಮ್ಮಿನಲ್ಲಿ ಮೆರವಣಿಗೆಯ ಹಿಂದೆ ಕಾಣುವ ಬೀದಿ, ಇವೂ ಅದರೊಳಗೆ ಸೇರಬೇಕು. ಮುಳುಗಿಹೋದ ಓಣಿಗಳಿಗೆ ಉಳಿದ ಸಾಕ್ಷಿ ಅಂಥ ಆಲ್ಬಮ್ಮುಗಳೇ. ಅವು ಈಗ ನವನಗರದ ಸೆಕ್ಟರುಗಳ ಕಪಾಟಿನಲ್ಲಿವೆ.

ಮೊದಲು ಎಲ್ಲಿಂದ ಎಂದು ಕೇಳಿದರೆ, 524.256 ಮೀಟರಿನ ಗೆರೆಯ ಕೆಳಗೆ ಉಳಿದಿರುವ ಬಾಗಲಕೋಟೆಯ ಓಣಿಗಳಿಂದ ಎನ್ನುತ್ತೇನೆ. ಅಲ್ಲಿ ಕಾಲಾವಕಾಶ ಕಡಿಮೆ. ಎರಡನೆಯದು ಇಳಕಲ್ಲಿನ ಹಲಗೆ ಬಾಗಿಲುಗಳು. ಬೋರ್ಡ್ ಬರೆಯುವವರನ್ನು ಹುಡುಕುವುದಾದರೆ ಬನಶಂಕರಿ ಜಾತ್ರೆಗೆ ಹೋಗಬೇಕು. ಬನದ ಹುಣ್ಣಿಮೆಯ ತೇರಾದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳ ಡೇರೆ ಅಲ್ಲಿರುತ್ತವೆ. ಡೇರೆಯ ಮುಂದಿನ ದೊಡ್ಡ ಬೋರ್ಡುಗಳ ಕೆಳಮೂಲೆ ನೋಡಿ, ಯಾರ ಕೈ ಎಂದು ಕಂಪನಿಯವರನ್ನೇ ಕೇಳಬಹುದು. ಜಾತ್ರೆಯ ಇನ್ನೊಂದು ಬದಿಗೆ ಬಾಗಿಲು, ಚೌಕಟ್ಟಿನ ಸಾಲು ವ್ಯಾಪಾರವಿರುತ್ತದೆ. ಹಲಗೆ ಬಾಗಿಲಿಗೆ ಗಾಡಿ ಕೊರೆಯಬಲ್ಲ ಬಡಗಿ ಇನ್ನೂ ಎಲ್ಲಿದ್ದಾನೆ ಎಂದು ವಿಚಾರಿಸಲು ಅದಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿಲ್ಲ.